ವಿಐಎನ್ ನೋಡಿ ಹಳೆಯ ಅಮೆರಿಕನ್ ಕಾರಿನ ಮೂಲ ಬಣ್ಣ ಹೇಳಬಹುದೇ?

ಪ್ರಶ್ನೆ: 1969ರ ಶೆವ್ರೊಲೆ ಕಮಾರೊ ಕೊಂಡಿದ್ದೇನೆ. ಈಗಿರುವ ಕೆಂಪು ಬಣ್ಣ ಆಮೇಲೆ ಹೊಡೆಸಿದ್ದು ಅನ್ನಿಸುತ್ತಿದೆ. ವಿಐಎನ್ (ಕಾರಿನ ಗುರುತಿನ ಸಂಖ್ಯೆ, ನಾವು ಚಾಸಿಸ್ ನಂಬರ್ ಅನ್ನುವುದು) ಕಳಿಸಿದ್ದೇನೆ, ಫ್ಯಾಕ್ಟರಿಯಿಂದ ಬಂದಾಗ ಯಾವ ಬಣ್ಣವಿತ್ತು ತಿಳಿಸಿ.

ಉತ್ತರ: ವಿಐಎನ್‌ನಲ್ಲಿ ಬಣ್ಣ ಇಲ್ಲ. ಮತ್ತೆ ಮತ್ತೆ ಬರುವ ಪ್ರಶ್ನೆಯಿದು, ಹಾಗಾಗಿ ಈ ಸಲ ಅಂಕಿ ಅಂಕಿಯಾಗಿ ಬಿಡಿಸಿಯೇ ತೋರಿಸುತ್ತೇನೆ.

ನಿಮ್ಮ ನಂಬರ್ ಶುರುವಾಗುವುದು 124379ಎನ್ ಎಂದು. ಮೊದಲ 1 ಶೆವ್ರೊಲೆ. 24 ಅಂದರೆ ವಿ8 ಎಂಜಿನ್ನಿನ ಕಮಾರೊ. ಆರು ಸಿಲಿಂಡರಿನದಾಗಿದ್ದರೆ 23 ಇರುತ್ತಿತ್ತು. 37 ಕೂಪೆ, 67 ಇದ್ದರೆ ಕನ್ವರ್ಟಿಬಲ್. 9 ಮಾಡೆಲ್ ವರ್ಷ. ಎನ್ ಅಂದರೆ ಒಹಾಯೊದ ನಾರ್ವುಡ್ ಕಾರ್ಖಾನೆ, ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಉಳಿದ ಆರು ಅಂಕಿ ಬರೀ ಕ್ರಮಸಂಖ್ಯೆ. ಅಲ್ಲಿಗೆ ಅಂಕಿ, ಅಕ್ಷರ ಸೇರಿ ಹದಿಮೂರೂ ಮುಗಿದವು. ಬಣ್ಣಕ್ಕೆ ಜಾಗ ಎಲ್ಲಿ ಉಳಿಯಿತು? 1965ರ ಫೋರ್ಡ್ ಮಸ್ಟ್ಯಾಂಗ್‌ನ ಹನ್ನೊಂದರಲ್ಲೂ ಇಷ್ಟೇ: ವರ್ಷ, ಕಾರ್ಖಾನೆ, ಬಾಡಿ, ಎಂಜಿನ್, ಕ್ರಮಸಂಖ್ಯೆ. 1981ರಿಂದ ಬಂದ ಹದಿನೇಳು ಅಕ್ಷರದ ವಿಐಎನ್‌ನಲ್ಲೂ ಬಣ್ಣವಿಲ್ಲ.

ಆದರೂ ಈ ನಂಬಿಕೆ ಹೋಗುವುದಿಲ್ಲ, ಅದಕ್ಕೆ ಕಾರಣಗಳೂ ಇವೆ. ಇವತ್ತಿನ ಕಾರಿಗೆ ಟಚ್‌ಅಪ್ ಪೇಂಟ್ ಕೇಳಿದರೆ ಡೀಲರ್ ವಿಐಎನ್ ಹಾಕಿ ಬಣ್ಣ ಹೇಳುತ್ತಾನೆ. ಅವನು ನೋಡುವುದು ಕಂಪನಿಯ ಕಂಪ್ಯೂಟರಿನಲ್ಲಿರುವ ದಾಖಲೆಯನ್ನು; ವಿಐಎನ್ ಅದನ್ನು ಹುಡುಕುವ ನಂಬರ್ ಮಾತ್ರ. ನಮ್ಮವರಿಗೆ ಇನ್ನೊಂದು ಗೊಂದಲ, ಆರ್‌ಸಿಯಲ್ಲಿ ಚಾಸಿಸ್ ನಂಬರ್ ಜೊತೆಗೇ ಬಣ್ಣವೂ ಇರುತ್ತದೆ. ಅದು ನೋಂದಣಿಯ ಅರ್ಜಿಯಿಂದ ಬಂದದ್ದು, ನಂಬರಿನಿಂದ ತೆಗೆದದ್ದಲ್ಲ. ಮೂರನೆಯದು ಫೋರ್ಡ್. 1967ರಿಂದೀಚಿನ ಫೋರ್ಡ್‌ಗೆ ವಿಐಎನ್ ಕೊಟ್ಟರೆ, ಕಂಪನಿಯ ದಾಖಲೆಗಳಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್‌ನಲ್ಲಿ ಬಣ್ಣ ಸಿಗುತ್ತದೆ, ಏಕೆಂದರೆ ಫೋರ್ಡ್‌ನ ಹಳೆಯ ದಾಖಲೆಗಳು ಉಳಿದಿವೆ. ಅಮೆರಿಕದಲ್ಲಿ ಮಾರಾಟವಾದ 1969ರ ಶೆವ್ರೊಲೆಗೆ ಅಂಥ ಸವಲತ್ತಿಲ್ಲ. ನಿಮ್ಮ ವಿಐಎನ್‌ನಿಂದಲೇ ಬಣ್ಣ ಹೇಳುತ್ತೇನೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನೋಡಬೇಕಾದ್ದು ಟ್ರಿಮ್ ಟ್ಯಾಗ್. ಬಾನೆಟ್ ಎತ್ತಿ, ಡ್ರೈವರ್ ಕಡೆ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ಮೇಲೆ ರಿವೆಟ್ ಹೊಡೆದ ಸಣ್ಣ ತಗಡು ಇರುತ್ತದೆ. ಮೇಲೆ ಪೇಂಟ್ ಬಿದ್ದಿದ್ದರೆ ಕೆರೆಯಬೇಡಿ, ಥಿನ್ನರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಟಿಆರ್ ಎಂಬುದರ ಮುಂದಿನ 711ರಂಥ ಮೂರಂಕಿ ಸೀಟು, ಒಳಗಿನ ಟ್ರಿಮ್‌ನದು. ಇದನ್ನೇ ಬಣ್ಣವೆಂದು ಓದುವವರು ಬಹಳ. ಪಿಎನ್‌ಟಿ ಎಂಬುದಕ್ಕೆ ಅಂಟಿಕೊಂಡಿರುವುದು ಪೇಂಟ್. 72 72 ಇದ್ದರೆ ಇಡೀ ಕಾರು ಹಗ್ಗರ್ ಆರೆಂಜ್. 72 ಬಿ ಇದ್ದರೆ ಹಗ್ಗರ್ ಆರೆಂಜ್ ಮೈ, ಚಾವಣಿಗೆ ಕಪ್ಪು ವಿನೈಲ್ ಹೊದಿಕೆ.

ವರ್ಷ ಬದಲಾದರೆ ಕೋಡೂ ಬದಲು. 1967ರ ಕಮಾರೊದಲ್ಲಿ ಅಂಕಿಗಳೇ ಇಲ್ಲ, ಅಕ್ಷರಗಳು. ಆರ್ ಅಂದರೆ ಬೊಲೆರೊ ರೆಡ್. ಮಸ್ಟ್ಯಾಂಗ್‌ನ ಎಚ್ 1965ರಲ್ಲಿ ಕ್ಯಾಸ್ಪಿಯನ್ ಬ್ಲೂ, 1966ರಲ್ಲಿ ಸಹಾರಾ ಬೇಜ್. ಆ ಕಾಲದ ಫೋರ್ಡ್‌ನಲ್ಲಿ ಈ ಕೋಡ್ ಇರುವ ಪ್ಲೇಟ್ ಡ್ರೈವರ್ ಬಾಗಿಲಿನ ಮೇಲಿರುತ್ತದೆ, ಬಾಗಿಲು ಬೇರೆ ಕಾರಿನದೂ ಆಗಿರಬಹುದು. ಪ್ಲೇಟಿನ ನಂಬರನ್ನು ಬಾನೆಟ್ ಕೆಳಗೆ ಫೆಂಡರ್ ಏಪ್ರನ್ (ಚಕ್ರದ ಮೇಲಿನ ಒಳತಗಡು) ಮೇಲೆ ಕೊರೆದ ನಂಬರಿನೊಂದಿಗೆ ತಾಳೆ ನೋಡದೆ ಯಾವ ಕೋಡನ್ನೂ ನಂಬಬೇಡಿ. 1970ರ ಸುಮಾರಿನ ಡಾಜ್, ಪ್ಲಿಮತ್‌ಗಳಲ್ಲಿ ಕೋಡ್‌ಗಳ ತಗಡಾದ ಫೆಂಡರ್ ಟ್ಯಾಗನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಎಫ್‌ಸಿ7 ಎಂಬ ಒಂದೇ ನೇರಳೆ ಡಾಜ್‌ನಲ್ಲಿ ಪ್ಲಮ್ ಕ್ರೇಜಿ, ಪ್ಲಿಮತ್‌ನಲ್ಲಿ ಇನ್-ವಯೊಲೆಟ್. ಬಣ್ಣದ ಕೋಡಿನ ಜಾಗದಲ್ಲಿ 999 ಇದ್ದರೆ ಗಿರಾಕಿ ಹೇಳಿ ಮಾಡಿಸಿದ ಬಣ್ಣ.

ಟ್ಯಾಗ್‌ಗಳ ನಕಲು ಮಾರುಕಟ್ಟೆಯಲ್ಲಿ ಸಿಗುತ್ತವೆ. ಆದ್ದರಿಂದ ಲೋಹವನ್ನೇ ಸಾಕ್ಷಿ ಕೇಳಿ. ಬಾಗಿಲ ಕೆಳಗಿನ ಸಿಲ್ ಪ್ಲೇಟ್ ಬಿಚ್ಚಿ, ಹಿಂದಿನ ದೀಪ ಬಿಚ್ಚಿ, ಹೀಟರ್ ಬಾಕ್ಸಿನ ಹಿಂದೆ ನೋಡಿ. ಮತ್ತೆ ಪೇಂಟ್ ಮಾಡುವವರು ಇಷ್ಟೆಲ್ಲ ಬಿಚ್ಚುವುದು ಅಪರೂಪ. ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನಿಸಬೇಡಿ, ಅದಕ್ಕೆ ಬಣ್ಣ ಒಳಾಂಗಣಕ್ಕೆ ತಕ್ಕಂತೆ. ಎಲ್ಲೂ ಸಿಗದಿದ್ದರೆ ಮರೆಯಾದ ಜಾಗದಲ್ಲಿ ನಾಣ್ಯದಷ್ಟಗಲ 600ರ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಪದರಗಳು ಬಳೆ ಬಳೆಯಾಗಿ ಕಾಣುತ್ತವೆ. ಪ್ರೈಮರಿಗೆ ತಾಗಿದ ಮೊದಲ ಬಣ್ಣವೇ ಮೂಲದ್ದು, ಪೂರ್ತಿ ಕೆರೆದು ಹೊಸ ಪ್ರೈಮರ್ ಹಾಕಿರದಿದ್ದರೆ. ಒಣಗಿದ್ದಾಗ ಉಜ್ಜಬೇಡಿ. ಆ ಕಾಲದ ಕೆಂಪು, ಕಿತ್ತಳೆ, ಹಳದಿಗಳಲ್ಲಿ ಸೀಸವಿರುತ್ತಿತ್ತು. ಮಾಸ್ಕ್ ಹಾಕಿಕೊಳ್ಳಿ.

ನೀವು ಕೇಳಿಲ್ಲ, ಆದರೆ ಕೋಡ್ ಸಿಕ್ಕ ಮೇಲೆ ಕೇಳುತ್ತೀರಿ: ಅದೇ ಕೋಡ್ ಕೊಟ್ಟರೂ ಪೇಂಟ್ ಅಂಗಡಿಯವನ ಬಣ್ಣ ಏಕೆ ಬೇರೆಯಾಗಿ ಕಾಣುತ್ತದೆ? 72 ಎಂಬುದು ಬಣ್ಣದ ಹೆಸರು ಅಷ್ಟೇ, ಯಾವುದನ್ನು ಎಷ್ಟು ಬೆರೆಸಬೇಕೆಂಬ ಲೆಕ್ಕವಲ್ಲ. ಅಂಗಡಿಯವನು ಅದನ್ನು ತನ್ನ ಪೇಂಟ್ ಕಂಪನಿಯ ಮಿಕ್ಸ್ ನಂಬರಿಗೆ ಬದಲಿಸುತ್ತಾನೆ. ಶೆವ್ರೊಲೆಯ ಮೂಲ ಕಂಪನಿ ಜಿಎಂ ಆಗ ಹೊಡೆಯುತ್ತಿದ್ದುದು ಅಕ್ರಿಲಿಕ್ ಲ್ಯಾಕರ್. ಈಗ ಸಿಗುವುದು ಬೇಸ್‌ಕೋಟ್, ಮೇಲೆ ಕ್ಲಿಯರ್‌ಕೋಟ್. ಹಗ್ಗರ್ ಆರೆಂಜ್‌ನಂಥ ಸಾದಾ ಬಣ್ಣದಲ್ಲಿ ವ್ಯತ್ಯಾಸ ಕಡಿಮೆ, ಹೊಳಪು ಮಾತ್ರ ಹೆಚ್ಚು. ಲೆ ಮಾನ್ಸ್ ಬ್ಲೂನಂಥ ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳು ಕೂರುವ ರೀತಿಯೇ ಬೇರೆ, ಗನ್ನಿನ ಒತ್ತಡ ಬದಲಾದರೂ ಬಣ್ಣ ಬದಲಾಗುತ್ತದೆ. ಇಡೀ ಕಾರಿಗೆ ಪೇಂಟ್ ಕಲಸುವ ಮೊದಲು ಒಂದು ತಗಡಿಗೆ, ಅದೇ ಗನ್ನಿನಿಂದ, ಕ್ಲಿಯರ್‌ಕೋಟ್ ಸಮೇತ ಹೊಡೆಸಿ. ಒಣಗಿದ ಮೇಲೆ ಸಿಲ್ ಪ್ಲೇಟ್ ಅಡಿಯಲ್ಲಿ ಸಿಕ್ಕ ಮೂಲ ಬಣ್ಣವನ್ನು ಪಾಲಿಶ್ ಮಾಡಿ, ಎರಡನ್ನೂ ಬಿಸಿಲಿನಲ್ಲಿ ಪಕ್ಕಪಕ್ಕ ಹಿಡಿದು ನೋಡಿ.