ಗಾಜಿಗೆ ಹಚ್ಚಿದ ಚಿನ್ನ ಕನ್ನಡಿಯಂತೆ ಹೊಳೆಯುತ್ತಿಲ್ಲ, ಏಕೆ?

ಪ್ರಶ್ನೆ: ಹಳೆಯ ಗಾಜಿನ ಬೋರ್ಡುಗಳಲ್ಲಿ ಚಿನ್ನದ ಅಕ್ಷರ ಕನ್ನಡಿಯ ಹಾಗೆ ಮಿಂಚುತ್ತದೆ. ನಾನೂ ಅಸಲಿ ಚಿನ್ನದ ರೇಕು ತಂದು, ಅದಕ್ಕೆಂದೇ ಮಾರುವ ಎಣ್ಣೆ ಅಂಟನ್ನು ಗಾಜಿನ ಹಿಂಬದಿಗೆ ಬಳಿದು ಅಂಟಿಸಿದೆ. ಎದುರಿನಿಂದ ನೋಡಿದರೆ ಹಳದಿ ಪೇಂಟು ಬಳಿದಂತೆ ಮಂಕಾಗಿದೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ಅಂಟಿನದು. ರೇಕನ್ನು ಬೈಯಬೇಡಿ, ನಿಮ್ಮ ಕೈಯನ್ನೂ ಬೈದುಕೊಳ್ಳಬೇಡಿ. ಗಾಜಿನ ಕೆಲಸಕ್ಕೆ ಕೈಹಾಕಿದವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳುವುದೇ ಈ ಪ್ರಶ್ನೆ.

ಮರಕ್ಕೋ ಗೋಡೆಗೋ ರೇಕು ಹಚ್ಚಿದಾಗ ಅಂಟು ಅಡಿಯಲ್ಲಿ ಅಡಗಿ ಕೂರುತ್ತದೆ. ನಾವು ನೋಡುವುದು ಚಿನ್ನದ ಮೇಲ್ಮೈಯನ್ನು. ಗಾಜಿನಲ್ಲಿ ಎಲ್ಲವೂ ತಿರುಗಾಮುರುಗಾ. ಕೆಲಸ ನಡೆಯುವುದು ಹಿಂಬದಿಯಲ್ಲಿ, ನೋಡುವವರು ನಿಲ್ಲುವುದು ಮುಂದೆ. ಅವರ ಕಣ್ಣಿಗೆ ಮೊದಲು ಗಾಜು, ಆಮೇಲೆ ಅಂಟು, ಕೊನೆಗೆ ಚಿನ್ನ. ಅಂದರೆ ಅವರು ನೋಡುವುದು ಅಂಟಿಗೆ ಒತ್ತಿಕೊಂಡ ಚಿನ್ನದ ಹೊಟ್ಟೆಯನ್ನು.

ಆ ಚಿನ್ನಕ್ಕೋ ಸ್ವಂತದ್ದೊಂದು ಆಕಾರವೇ ಇಲ್ಲ. ಬಡಿದು ಮಾಡಿದ ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಒಂದು ರೇಕನ್ನು ದೀಪಕ್ಕೆ ಹಿಡಿದು ನೋಡಿ, ಬೆಳಕು ಹಸಿರು ಹಸಿರಾಗಿ ಅದರೊಳಗಿಂದ ತೂರಿ ಬರುತ್ತದೆ. ಇಷ್ಟು ತೆಳುವಾದದ್ದು ಯಾವುದರ ಮೇಲೆ ಕೂತರೆ ಅದರದೇ ರೂಪ ತಾಳುತ್ತದೆ. ಎಣ್ಣೆ ಅಂಟನ್ನು ಕುಂಚದಲ್ಲಿ ಎಳೆದಾಗ ಬಿದ್ದ ಗೆರೆ, ಗುಳ್ಳೆ, ದೂಳಿನ ಕಣ ಎಲ್ಲವನ್ನೂ ನಿಮ್ಮ ಚಿನ್ನ ಅಚ್ಚುಕಟ್ಟಾಗಿ ನಕಲು ಮಾಡಿದೆ. ಬೆಳಕು ಅದರ ಮೇಲೆ ಬಿದ್ದು ದಿಕ್ಕಾಪಾಲಾಗಿ ಚದರುತ್ತದೆ. ಆ ಚದುರಿದ ಬೆಳಕನ್ನೇ ನಾವು ಮಂಕು ಅನ್ನುವುದು.

ಕನ್ನಡಿಯಂಥ ಹೊಳಪು ಬೇಕಿದ್ದರೆ ಚಿನ್ನ ಗಾಜಿನ ನುಣುಪನ್ನು ನಕಲು ಮಾಡಬೇಕು. ನಡುವಿನ ಅಂಟು ಇದ್ದೂ ಇಲ್ಲದಂತಿರಬೇಕು. ಈ ಕಸುಬಿನವರು ಅದಕ್ಕೆ ಬಳಸುವುದು ಜೆಲಟಿನ್ ಕರಗಿಸಿದ ನೀರು. ಔಷಧಿ ತುಂಬುವ ಖಾಲಿ ಕ್ಯಾಪ್ಸೂಲ್ ಇದೆಯಲ್ಲ, ಅದರ ದೊಡ್ಡ ಅಳತೆಯದೊಂದು, ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಸಾಕು. ಪ್ರಾಣಿಮೂಲದ ಜೆಲಟಿನ್ನಿನದೇ ಆಗಬೇಕು, ಸಸ್ಯಮೂಲದ ಕ್ಯಾಪ್ಸೂಲಿನಿಂದ ಈ ಕೆಲಸ ಆಗದು. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಆಮೇಲೆ ಉಳಿದ ನೀರು ಬೆರೆಸುತ್ತಾರೆ. ಕುದಿಸಬಾರದು, ಕುದಿಸಿದರೆ ಅಂಟುಗುಣ ಸಾಯುತ್ತದೆ. ನಾಳೆಗೆಂದು ಎತ್ತಿಡಲೂಬಾರದು, ಕೆಡುತ್ತದೆ.

ಇಷ್ಟು ನೀರಾದರೆ ಅಂಟುವುದೇನು ಅನಿಸುತ್ತದಲ್ಲವೇ? ಒಂದು ಲೆಕ್ಕ ಹಾಕೋಣ. ಕ್ಯಾಪ್ಸೂಲಿನ ತೂಕ ಸುಮಾರು 0.1 ಗ್ರಾಂ, ನೀರು 500 ಗ್ರಾಂ. ಅಂದರೆ ಐದು ಸಾವಿರದಲ್ಲಿ ಒಂದು ಪಾಲು ಜೆಲಟಿನ್. ಗಾಜಿನ ಮೇಲೆ ನೀರಿನ ಪದರ 0.1 ಮಿಲಿಮೀಟರ್ ನಿಂತಿದೆ ಎಂದುಕೊಂಡರೆ, ಅದು ಆರಿದಾಗ ಉಳಿಯುವ ಜೆಲಟಿನ್ 0.02 ಮೈಕ್ರಾನ್. ರೇಕಿಗಿಂತ ಅಂಟೇ ಐದು ಪಟ್ಟು ತೆಳು! ಜೊತೆಗೆ ಬೆಳಕನ್ನು ಬಗ್ಗಿಸುವ ವಿಷಯದಲ್ಲಿ ಜೆಲಟಿನ್ನೂ ಗಾಜೂ ಹತ್ತಿರದ ಬಂಧುಗಳು. ಮಾಮೂಲಿ ಕಿಟಕಿ ಗಾಜಿನ ವಕ್ರೀಭವನ ಸೂಚ್ಯಂಕ 1.52, ಜೆಲಟಿನ್ನಿನದೂ ಅದರ ಆಸುಪಾಸಿನಲ್ಲೇ. ಹಾಗಾಗಿ ಗಾಜು ಎಲ್ಲಿ ಮುಗಿಯಿತು, ಅಂಟು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ನಾನು ಶುರುವಿನಲ್ಲಿ ಒಂದರ ಬದಲು ನಾಲ್ಕು ಕ್ಯಾಪ್ಸೂಲ್ ಹಾಕಿದ್ದೆ. ಗಟ್ಟಿಯಾಗಿ ಹಿಡಿಯಲಿ ಎಂಬ ದುರಾಸೆ. ಹಿಡಿದದ್ದೇನೋ ಹಿಡಿಯಿತು, ಆದರೆ ಮುಂದಿನಿಂದ ನೋಡಿದರೆ ಚಿನ್ನದ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಮಬ್ಬು.

ಇನ್ನು ಗಾಜು ಶುಚಿ ಮಾಡುವ ವಿಚಾರ. ಬಾಟಲಿಯಲ್ಲಿ ಬರುವ ಗಾಜು ಒರೆಸುವ ದ್ರಾವಣ ಬೇಡ, ಅದು ತನ್ನದೇ ಒಂದು ಪೊರೆ ಬಿಟ್ಟುಹೋಗುತ್ತದೆ. ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ನೀರು, ಸ್ಪಿರಿಟ್ಟಿನಲ್ಲಿ ಕಲಸಿ ಉಜ್ಜಿ, ಒಣಗಿಸಿ, ಒರೆಸಿ, ಕೊನೆಗೆ ಶುದ್ಧ ನೀರಿನಲ್ಲಿ ತೊಳೆಯಿರಿ. ಪರೀಕ್ಷೆ ಸುಲಭ: ನೀರು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಇಳಿದರೆ ಜಿಡ್ಡಿಲ್ಲ ಎಂದರ್ಥ. ಒಂದು ಹೆಬ್ಬೆಟ್ಟಿನ ಗುರುತು ಉಳಿದಿದ್ದರೂ ಅದು ಮುಂದೆ ಚಿನ್ನದಲ್ಲಿ ಶಾಶ್ವತವಾಗಿ ಮೂಡಿ ನಿಲ್ಲುತ್ತದೆ, ಗೆರೆ ಸಮೇತ.

ರೇಕು ಇಡುವುದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಈ ಕೆಲಸಕ್ಕೆ ಬಿಡಿ ರೇಕೇ ಬೇಕು. ಕಾಗದಕ್ಕೆ ಒತ್ತಿ ಅಂಟಿಸಿಕೊಟ್ಟ ರೇಕು ಗಾಳಿಯಲ್ಲಿ ಹಾರುವುದಿಲ್ಲ ನಿಜ, ಆದರೆ ಒದ್ದೆ ಗಾಜಿಗೆ ಅದು ನಯವಾಗಿ ಕೂರದು. ಬಿಡಿ ರೇಕು ಸಾಮಾನ್ಯವಾಗಿ 25ರ ಪುಟ್ಟ ಪುಸ್ತಕವಾಗಿ ಬರುತ್ತದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ. ರೇಕನ್ನು ಎತ್ತಲು ಅಳಿಲಿನ ಕೂದಲಿನ ಅಗಲವಾದ, ಬಲು ತೆಳ್ಳಗಿನ ಚಪ್ಪಟೆ ಕುಂಚವಿದೆ. ಅದನ್ನು ಒಮ್ಮೆ ಕೆನ್ನೆಗೆ ಸವರಿಕೊಳ್ಳುತ್ತಾರೆ. ಚರ್ಮದ ಲವಲೇಶ ಜಿಡ್ಡು ಕೂದಲಿಗೆ ಹತ್ತಿದರೆ ರೇಕು ಅದಕ್ಕೆ ತೂಗಿಬೀಳುವಷ್ಟು ಅಂಟಿಕೊಳ್ಳುತ್ತದೆ. ಗಾಜಿಗೆ ಬಿಟ್ಟ ಜಿಡ್ಡು ಶತ್ರು, ಕುಂಚಕ್ಕೆ ಹತ್ತಿದ ಜಿಡ್ಡು ಮಿತ್ರ.

ಗಾಜನ್ನು ನೆಟ್ಟಗೆ ಅಥವಾ ತುಸು ವಾಲಿಸಿ ನಿಲ್ಲಿಸಿ, ಮೇಲಿನ ಸಾಲಿನಿಂದ ಶುರುಮಾಡಿ. ಜೆಲಟಿನ್ ನೀರನ್ನು ಜಿಪುಣತನವಿಲ್ಲದೆ ಸುರಿಯುವಂತೆ ಬಳಿಯಿರಿ, ಕೆಳಗೆ ಹರಿಯುತ್ತಿರಬೇಕು. ರೇಕು ಹೊತ್ತ ಕುಂಚವನ್ನು ಗಾಜಿನ ಹತ್ತಿರ ತನ್ನಿ. ಮುಟ್ಟಿಸುವ ಮೊದಲೇ, ಬೆರಳಿನ ದಪ್ಪದಷ್ಟೂ ದೂರ ಉಳಿದಿಲ್ಲ ಎನ್ನುವಾಗ, ರೇಕು ತಾನಾಗಿಯೇ ಕುಂಚ ಬಿಟ್ಟು ಟಪ್ಪನೆ ನೀರಿಗೆ ಹಾರುತ್ತದೆ. ಮೊದಲ ಸಲ ಇದನ್ನು ಕಂಡಾಗ ನಾನು ಬೆಚ್ಚಿ ಕೈ ಹಿಂದೆಳೆದಿದ್ದೆ. ಹಾರಿದ ರೇಕನ್ನು ಸರಿಪಡಿಸಲು ಹೋಗಬೇಡಿ. ಸುಕ್ಕಾಗಿ, ಜೋತುಬಿದ್ದು, ಬಹಳ ಕೆಟ್ಟದಾಗಿ ಕಾಣುತ್ತದೆ, ಕಾಣಲಿ. ಪಕ್ಕದ ರೇಕನ್ನು ಒಂದೆರಡು ಮಿಲಿಮೀಟರ್ ಮೇಲೆ ಹತ್ತುವಂತೆ ಇಟ್ಟು ಮುಂದೆ ಸಾಗಿ.

ಆಮೇಲಿನದು ಕಾಯುವ ಕೆಲಸ, ಮತ್ತು ನನಗೆ ಇಡೀ ಕಸುಬಿನಲ್ಲಿ ಅತಿ ಪ್ರಿಯವಾದದ್ದು. ನೀರು ಕೆಳಗಿಳಿದು ಆರತೊಡಗಿದಂತೆ ರೇಕನ್ನು ಗಾಜಿನತ್ತ ಎಳೆದುಕೊಳ್ಳುತ್ತದೆ. ಎದುರಿನಿಂದ ನೋಡುತ್ತಿದ್ದರೆ ಮಂಕು ಹಳದಿಯ ನಡುವೆ ಒಂದು ಕಡೆ ನಾಣ್ಯದಷ್ಟು ಜಾಗ ಫಳ್ಳನೆ ಹೊಳೆಯುತ್ತದೆ. ಅದು ಅಂಚಿನತ್ತ ಹರಡುತ್ತದೆ, ಇನ್ನೊಂದು ಕಡೆ ಮತ್ತೊಂದು ಹುಟ್ಟುತ್ತದೆ, ಎರಡೂ ಸೇರುತ್ತವೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಿಮ್ಮ ಮುಖವೇ ಅದರಲ್ಲಿ ಕಂಡೀತು.

ಪೂರ್ತಿ ಒಣಗಿದ ಮೇಲೆ ಗಾಜಿನ ಆಚೆಗೆ ದೀಪ ಹಿಡಿದರೆ ತೂತು, ಬಿರುಕು ಕಾಣಿಸುತ್ತವೆ. ಮೃದುವಾದ ಹತ್ತಿಯಲ್ಲಿ ಹಗುರವಾಗಿ ಸವರಿ ಸಡಿಲ ಚೂರುಗಳನ್ನು ತೆಗೆದು, ಇಡೀ ಜಾಗಕ್ಕೆ ಇನ್ನೊಂದು ವರಸೆ ರೇಕು ಹಚ್ಚಬೇಕು. ಎರಡನೆಯದು ಉಳಿತಾಯದ ಜಾಗವಲ್ಲ. ಒಂದೇ ಪದರವಾದರೆ ಬೆಳಕಿಗೆ ಜರಡಿಯಂತೆ ಕಾಣುತ್ತದೆ. ಎರಡೂ ಆರಿದ ಮೇಲೆ ಮತ್ತೆ ಹತ್ತಿಯಿಂದ ನಯಮಾಡಿ, ಬಿಸಿನೀರನ್ನು ಮೇಲಿನಿಂದ ಒಮ್ಮೆ ಹರಿಯಬಿಡುತ್ತಾರೆ. ಬಿಸಿಗೆ ಜೆಲಟಿನ್ ಸಡಿಲಗೊಂಡು, ಹೆಚ್ಚಾದದ್ದು ತೊಳೆದುಹೋಗಿ, ಚಿನ್ನ ಗಾಜಿಗೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ನನ್ನ ನಾಲ್ಕು ಕ್ಯಾಪ್ಸೂಲಿನ ಬೋರ್ಡು ಅರ್ಧ ಬದುಕಿದ್ದು ಈ ಬಿಸಿನೀರಿನಿಂದಲೇ. ಕುದಿವ ನೀರನ್ನು ತಣ್ಣನೆಯ ಗಾಜಿಗೆ ಸುರಿದು ಗಾಜು ಸೀಳಿಸಿಕೊಳ್ಳಬೇಡಿ. ಮೊದಲು ಗಾಜನ್ನು ಬೆಚ್ಚಗೆ ಮಾಡಿಕೊಳ್ಳಿ.

ಇಷ್ಟಾದರೂ ಅಕ್ಷರ ಎಲ್ಲಿ? ಇಲ್ಲಿಯವರೆಗೆ ಇರುವುದು ಚಿನ್ನದ ಪಟ್ಟಿ ಅಷ್ಟೇ. ಅಕ್ಷರ ಹುಟ್ಟುವುದು ಈಗ. ನಕ್ಷೆಯ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ಕಾಗದವನ್ನು ಮಗುಚಿ ಚಿನ್ನದ ಬೆನ್ನಿಗೆ ಹಿಡಿದು, ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿ ಚುಕ್ಕೆ ಮೂಡಿಸಿಕೊಳ್ಳುತ್ತಾರೆ. ಕನ್ನಡ ಅಕ್ಷರವಾದರೆ ಕೊಂಬು, ದೀರ್ಘ ಎಲ್ಲ ಎಡಕ್ಕೆ ಬರುತ್ತವೆ, ಎಚ್ಚರ. ಆ ಚುಕ್ಕೆಗಳ ಮೇಲೆ ಎಣ್ಣೆ ಪೇಂಟಿನಲ್ಲಿ, ರೂಢಿಯಲ್ಲಿ ಕಪ್ಪಿನಲ್ಲಿ, ಅಕ್ಷರ ಬರೆದು ಒಣಗಿಸಿದರೆ ಪೇಂಟಿನಡಿಯ ಚಿನ್ನಕ್ಕೆ ಕವಚ ಸಿಕ್ಕಿತು. ಉಳಿದ ಚಿನ್ನವನ್ನು ಒದ್ದೆ ಹತ್ತಿ, ಚಿಟಿಕೆ ಸೀಮೆಸುಣ್ಣದ ಪುಡಿ ಸೇರಿಸಿ ಉಜ್ಜಿದರೆ ಬಿಟ್ಟುಬರುತ್ತದೆ. ಅಂಚು ಒರಟಾಗಿದ್ದರೆ ಬ್ಲೇಡಿನಲ್ಲಿ ತಿದ್ದಬಹುದು. ಕೊನೆಗೆ ವಾರ್ನಿಶ್, ಅದೂ ಅಕ್ಷರದಂಚಿನಿಂದ ಒಂದೆರಡು ಮಿಲಿಮೀಟರ್ ಹೊರಚಾಚುವಂತೆ. ಜೆಲಟಿನ್ ನೀರಿಗೆ ಕರಗುವ ವಸ್ತು ಎಂಬುದನ್ನು ಮರೆಯಬಾರದು. ಗಾಜು ಒರೆಸುವ ಬಟ್ಟೆಯ ತೇವ ಅಂಚಿನಿಂದ ನುಸುಳಿದರೆ ಅಕ್ಷರ ಏಳತೊಡಗುತ್ತದೆ. ಹಳೆಯ ಬೋರ್ಡುಗಳು ಸಾಯುವುದು ಬಹುತೇಕ ಹೀಗೆಯೇ.

ರೇಕಿನ ಗುಣಮಟ್ಟದ ಬಗ್ಗೆ ಒಂದೇ ಮಾತು: 23 ಕ್ಯಾರಟ್ ಆಸುಪಾಸಿನದು ಕಪ್ಪಾಗುವುದಿಲ್ಲ. ಚಿನ್ನದಂತೆ ಕಾಣುವ ಹಿತ್ತಾಳೆ ರೇಕು ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ಬೆಳ್ಳಿಯೂ ಅಷ್ಟೇ.

ಈ ಉಪಾಯ ಯಾರದೋ ಒಬ್ಬರದಲ್ಲ. 4ನೇ ಶತಮಾನದ ರೋಮನ್ನರು ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕಿನ ಚಿತ್ರವಿಟ್ಟು ಬೆಸೆಯುತ್ತಿದ್ದರು. ಅಂಥ ತುಣುಕುಗಳು ರೋಮಿನ ನೆಲದಡಿಯ ಸಮಾಧಿಗಳಲ್ಲಿ ಸಿಕ್ಕಿವೆ. 1400ರ ಸುಮಾರಿಗೆ ಇಟಲಿಯ ಚಿತ್ರಕಾರ ಚೆನ್ನಿನೋ ಚೆನ್ನಿನಿ ಗಾಜಿಗೆ ರೇಕು ಹಚ್ಚಿ ಸೂಜಿಯಿಂದ ಗೀರಿ ಚಿತ್ರ ತೆಗೆಯುವುದನ್ನು ವಿವರಿಸಿದ್ದಾನೆ. ಅವನ ಅಂಟು ಮೊಟ್ಟೆಯ ಬಿಳಿ. ಈ ಕಲೆಗೆ ಇಂದು ಅಂಟಿಕೊಂಡಿರುವ ಫ್ರೆಂಚ್ ಹೆಸರು 'ವೆರ್ ಎಗ್ಲೋಮಿಸೆ'. ಅದು ಬಂದದ್ದು 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ ಝಾನ್ ಬಾಪ್ಟಿಸ್ಟ್ ಗ್ಲೋಮಿಯಿಂದ. ಕಲೆ ಅವನಿಗಿಂತ ಸಾವಿರ ವರ್ಷಕ್ಕೂ ಹಳೆಯದು, ಹೆಸರು ಮಾತ್ರ ಅವನ ಪಾಲಿಗೆ.

ಇನ್ನು ನಿಮ್ಮ ಮಂಕು ಬೋರ್ಡಿನ ವಿಷಯ. ದಯವಿಟ್ಟು ಕೆರೆದು ಹಾಕಬೇಡಿ. ಹಳೆಯ ಬೋರ್ಡೊಂದನ್ನು ಹತ್ತಿರದಿಂದ ನೋಡಿ, ಅಕ್ಷರದ ಸುತ್ತ ಕನ್ನಡಿಯಂಥ ಸಣ್ಣ ಅಂಚು, ಒಡಲು ಮಾತ್ರ ರೇಷ್ಮೆಯಂತೆ ಮಂದವಾಗಿರುವುದು ಬಹಳ ಕಡೆ ಕಾಣುತ್ತದೆ. ಆ ಮಂದ ಒಡಲನ್ನು ಮಾಡುವುದು ನೀವು ಮಾಡಿದ ರೀತಿಯಲ್ಲೇ, ಎಣ್ಣೆ ಅಂಟಿನ ಮೇಲೆ ರೇಕು ಹಚ್ಚಿ. ಪೂರಾ ಹೊಳಪಿನ ಅಕ್ಷರ ಕೆಲವು ಕೋನಗಳಿಂದ ಎದುರಿನ ಕತ್ತಲೆಯನ್ನೇ ಪ್ರತಿಫಲಿಸಿ ಕಪ್ಪಗೆ ಕಾಣುತ್ತದೆ, ಓದಲಾಗದು. ಮಂದ ಒಡಲು ಎಲ್ಲ ಕೋನದಿಂದಲೂ ಚಿನ್ನದ ಬಣ್ಣದಲ್ಲೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಬರಿಯ ಹೊಳಪಿಗಿಂತ ಈ ಜೋಡಿಯೇ ಚೆಂದ.

ಗಾಜನ್ನೇ ಕೊರೆದು ಅಲಂಕರಿಸುವ ದಾರಿಗಳೂ ಇವೆ. ಮರಳನ್ನು ರಭಸದಿಂದ ಚಿಮ್ಮಿಸಿ ಒರಟು ಮಾಡಿದ ಗಾಜಿಗೆ ಪ್ರಾಣಿಗಳ ಚರ್ಮದಿಂದ ಮಾಡಿದ ಬಿಸಿ ಅಂಟನ್ನು ಬಳಿದರೆ, ಅದು ಒಣಗಿ ಕುಗ್ಗುವಾಗ ಗಾಜಿನ ಚಕ್ಕೆಗಳನ್ನೇ ಕಿತ್ತುಕೊಂಡು ಏಳುತ್ತದೆ. ಹಿಂದೆ ಉಳಿಯುವುದು ಜರೀಗಿಡದ ಎಲೆಯಂಥ ವಿನ್ಯಾಸ, ಅದರ ಮೇಲೆ ಚಿನ್ನ ಕೂತರೆ ನೂರು ಮುಖಗಳಲ್ಲಿ ಮಿನುಗುತ್ತದೆ. ಚಕ್ಕೆಗಳು ಸಿಡಿಯುತ್ತವೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಗಾಜನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲದ ಕೊರೆತವನ್ನಂತೂ ಮನೆಯಲ್ಲಿ ಯೋಚಿಸಲೂ ಬೇಡಿ. ಚರ್ಮಕ್ಕೆ ತಾಗಿದರೆ ನೋವು ತಡವಾಗಿ ಗೊತ್ತಾಗುತ್ತದೆ, ಅಷ್ಟರಲ್ಲಿ ಅದು ಮೂಳೆಯವರೆಗೂ ಇಳಿದಿರಬಹುದು.

ಸದ್ಯಕ್ಕೆ ನಿಮ್ಮ ಅಕ್ಷರಗಳ ಹೊರಗೆರೆಯನ್ನು ಬ್ಲೇಡಿನಿಂದ ಚೊಕ್ಕಟ ಮಾಡಿ, ಎಣ್ಣೆ ಅಂಟು ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಡಿ. ಸುತ್ತಲಿನ ಬರಿಗಾಜನ್ನು ಸೀಮೆಸುಣ್ಣದ ಪುಡಿಯಿಂದ ಜಿಡ್ಡಿಲ್ಲದಂತೆ ಉಜ್ಜಿ ತೊಳೆಯಿರಿ. ಆಮೇಲೆ ಜೆಲಟಿನ್ ನೀರು ಹರಿಸಿ, ಮಂಕು ಒಡಲನ್ನೂ ಸೇರಿಸಿ ಎಲ್ಲದರ ಮೇಲೂ ಎರಡು ವರಸೆ ರೇಕು ಇಡಿ. ಒಡಲಿನ ಹಿಂದೆ ಕೂತ ಹೊಸ ರೇಕು ಮುಂದಿನಿಂದ ಕಾಣುವುದಿಲ್ಲ, ಪಕ್ಕದ ಬರಿಗಾಜಿನ ಮೇಲಿನದು ಕನ್ನಡಿಯಾಗುತ್ತದೆ. ಅಕ್ಷರಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ದೊಡ್ಡದಾಗಿ ಕಪ್ಪು ಬರೆದು, ಉಳಿದದ್ದನ್ನು ಒರೆಸಿ ತೆಗೆಯಿರಿ. ಬಿಸಿನೀರಿನ ಸ್ನಾನವನ್ನು ಈ ಬೋರ್ಡಿಗೆ ಮಾತ್ರ ಉಗುರು ಬೆಚ್ಚಗಿಡಿ, ಒಳಗಿನ ಎಣ್ಣೆ ಅಂಟು ಮೆತ್ತಗಾದೀತು.