ಸೆಂಟ್ರಲ್ ಪಾರ್ಕಿನ ಐಸ್ ರಿಂಕ್ ಕಟ್ಟಿಸಿದ್ದು ಟ್ರಂಪೋ, ವೋಲ್ಮನ್ನೋ?

ಓದುಗರ ಪ್ರಶ್ನೆ: ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿರುವ ಐಸ್ ಸ್ಕೇಟಿಂಗ್ ರಿಂಕನ್ನು ಡೊನಾಲ್ಡ್ ಟ್ರಂಪ್ ಸ್ವಂತ ದುಡ್ಡಿನಲ್ಲಿ ಕಟ್ಟಿಸಿಕೊಟ್ಟರು ಅಂತ ಕೇಳಿದ್ದೇನೆ. ಹಾಗಿದ್ದರೆ ಅದಕ್ಕೆ ‘ವೋಲ್ಮನ್ ರಿಂಕ್’ ಅನ್ನುವ ಹೆಸರು ಯಾಕೆ?

ಟ್ರಂಪ್ ಕಟ್ಟಿಸಿದ್ದಲ್ಲ. ಸುಮಾರು ಆರು ಲಕ್ಷ ಡಾಲರ್ ದಾನ ಕೊಟ್ಟವರು ಕೇಟ್ ವೋಲ್ಮನ್ ಎಂಬ ಮಹಿಳೆ. ರಿಂಕ್ ಶುರುವಾದದ್ದು 1950ರಲ್ಲಿ. ಆಗ ಟ್ರಂಪ್‌ಗೆ ನಾಲ್ಕು ವರ್ಷ. ಅವರು ಈ ಕಥೆಗೆ ಬಂದದ್ದು 1986ರಲ್ಲಿ, ಅದೂ ರಿಪೇರಿಗೆ. ಆ ರಿಪೇರಿಯ ಖರ್ಚೂ ನಗರಾಡಳಿತದ್ದೇ. ಆದರೂ ಟ್ರಂಪ್ ಹೆಸರು ಜನರ ಬಾಯಲ್ಲಿ ಉಳಿದದ್ದಕ್ಕೆ ಕಾರಣವಿದೆ, ಅದು ಸುಮ್ಮನೆ ಹುಟ್ಟಿದ ಗಾಳಿಮಾತಲ್ಲ.

ರಿಂಕ್ ಬರುವುದಕ್ಕೆ ತೊಂಬತ್ತು ವರ್ಷ ಮೊದಲೇ ಆ ಪಾರ್ಕಿನಲ್ಲಿ ಸ್ಕೇಟಿಂಗ್ ಇತ್ತು. 1858ರ ಚಳಿಗಾಲದಲ್ಲಿ, ಪಾರ್ಕಿನ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ಅಲ್ಲಿನ ಕೆರೆಯನ್ನು ಸ್ಕೇಟಿಂಗಿಗೆ ಬಿಟ್ಟುಕೊಟ್ಟರು. ಜನ ಮುಗಿಬಿದ್ದರು. ಹಿಮ ಗಟ್ಟಿಯಾಗಿದೆ, ಇಳಿಯಬಹುದು ಅನ್ನುವುದಕ್ಕೆ ಗುರುತಾಗಿ ಎತ್ತರದಲ್ಲಿ ಒಂದು ಕೆಂಪು ಚೆಂಡು ಏರಿಸುತ್ತಿದ್ದರು. ಚೆಂಡು ಏರದ ದಿನ ಸ್ಕೇಟಿಂಗ್ ಇಲ್ಲ. ಹಿಮ ತೆಳುವಾಗಿದ್ದರೆ ಪ್ರಾಣಕ್ಕೇ ಅಪಾಯ, ಬಿಸಿಲೇರಿದರೆ ಆಟ ಬಂದ್. ಒಟ್ಟಿನಲ್ಲಿ ಎಲ್ಲವೂ ಹವೆಯ ಮರ್ಜಿ.

ಯಂತ್ರದಿಂದ ಹಿಮ ಮಾಡುವ ವಿದ್ಯೆ ವೋಲ್ಮನ್ ರಿಂಕ್ ಬರುವ ಮೊದಲು ಇರಲಿಲ್ಲವೆಂದಲ್ಲ. ಲಂಡನ್ನಿನಲ್ಲಿ ಜಾನ್ ಗ್ಯಾಮ್ಜಿ 1876ರಲ್ಲೇ ‘ಗ್ಲೇಸಿಯೇರಿಯಂ’ ಎಂಬ ಪುಟ್ಟ ರಿಂಕ್ ತೆರೆದಿದ್ದರು. ದೂರದೇಶದಿಂದ ಹಡಗಿನಲ್ಲಿ ಬರುವ ಮಾಂಸ ಕೆಡದಂತೆ ಇಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ ಪಶುವೈದ್ಯ ಆತ. ಆದರೆ ಆ ರಿಂಕ್‌ಗೆ ಪ್ರವೇಶ ಸದಸ್ಯರಿಗೆ ಮಾತ್ರ, ಸದಸ್ಯರೆಲ್ಲ ಸಿರಿವಂತರು. ಯಾರು ಬೇಕಾದರೂ ಬಂದು ಜಾರಬಹುದಾದ, ಊರಿನ ಪಾರ್ಕಿನ ನಡುವೆಯೇ ಇರುವ ರಿಂಕ್ ಬೇಕೆಂದರೆ ಒಂದೋ ತೆರಿಗೆಯ ಹಣ ಬೇಕು, ಇಲ್ಲವೇ ದಾನಿಗಳು ಬೇಕು.

ಕೇಟ್ ವೋಲ್ಮನ್ ಆ ದಾನಿ. ಮೂಲ ಕಾನ್ಸಾಸ್ ರಾಜ್ಯದ ಲೆವನ್‌ವರ್ತ್. ಷೇರು ವ್ಯವಹಾರದಲ್ಲಿ ದೊಡ್ಡ ಹಣ ಮಾಡಿದವರು ಸೋದರ ವಿಲಿಯಂ. ತೀರಿಕೊಂಡ ತಂದೆತಾಯಿ ಮತ್ತು ಸೋದರರ ನೆನಪಿಗೆ ಏನಾದರೂ ಮಾಡಬೇಕೆಂದು ಕೇಟ್ ಕೊಟ್ಟ ಹಣದಲ್ಲಿ ಪಾರ್ಕಿನ ಆಗ್ನೇಯ ಮೂಲೆಯ ರಿಂಕ್ ಎದ್ದಿತು. ಕಂಚಿನ ಪ್ರತಿಮೆಯನ್ನೋ ಕಾರಂಜಿಯನ್ನೋ ನಿಲ್ಲಿಸುವುದು ಸುಲಭವಿತ್ತು. ಮಕ್ಕಳು ಬಿದ್ದು ಎದ್ದು ಆಡುವ ಜಾಗವನ್ನು ಆರಿಸಿಕೊಂಡರಲ್ಲ, ಆ ಅಭಿರುಚಿಗೆ ಮೆಚ್ಚಬೇಕು. ಹಾಗಂತ ಪಾರ್ಕಿಗೆ ಅದು ಪೂರ್ತಿ ಬಿಟ್ಟಿಯಾಗಿ ಬರಲಿಲ್ಲ. ರಿಂಕ್‌ಗೆ ಜಾಗ ಮಾಡಲು ಅಲ್ಲಿದ್ದ ‘ಪಾಂಡ್’ ಎಂಬ ಕೊಳದ ಒಂದು ಭಾಗವನ್ನು ಮುಚ್ಚಿದರು. ಪಾರ್ಕಿನ ವಿನ್ಯಾಸಕಾರರಾದ ಓಮ್‌ಸ್ಟೆಡ್ ಮತ್ತು ವಾಕ್ಸ್ ಜೋಡಿ ರೂಪಿಸಿದ್ದ ನೀರಿನ ಅಂಚು ಕಿರಿದಾಯಿತು. ಅದರ ಬಗ್ಗೆ ಪಾರ್ಕ್ ಪ್ರೇಮಿಗಳ ಕೊರಗು ಈಗಲೂ ಹೋಗಿಲ್ಲ.

ಇಲ್ಲಿ ರಿಂಕ್‌ನ ಒಡಲಿನೊಳಗೆ ಒಮ್ಮೆ ಇಣುಕಬೇಕು, ಇಲ್ಲದಿದ್ದರೆ ಮುಂದಿನ ರಾಮಾಯಣ ಅರ್ಥವಾಗುವುದಿಲ್ಲ. ಕಾಂಕ್ರೀಟ್ ಹಾಸಿನೊಳಗೆ ಪಕ್ಕಪಕ್ಕದಲ್ಲೇ ಮೈಲಿಗಟ್ಟಲೆ ಪೈಪು ಓಡುತ್ತದೆ. ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿಳಿಸಿದ ಉಪ್ಪುನೀರು ಆ ಪೈಪಿನೊಳಗೆ ಸುತ್ತುತ್ತಲೇ ಇರಬೇಕು. ಉಪ್ಪು ಇರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ಹಾಸು ತಣ್ಣಗಾದ ಮೇಲೆ ನೀರನ್ನು ತೆಳ್ಳಗೆ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಪದರ, ಹೀಗೆ ಮೇಲಿಂದ ಮೇಲೆ ಕೂರಿಸುತ್ತಾರೆ. ನಡುವೆ ಬಿಳಿ ಬಣ್ಣ ಹೊಡೆಯುವುದೂ ಉಂಟು. ಬರೀ ಹಿಮವಾದರೆ ಕೆಳಗಿನ ಕಾಂಕ್ರೀಟೇ ಕಾಣುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಹಿಮದ ದಪ್ಪ ಬರೀ ಮೂರು ಸೆಂಟಿಮೀಟರ್ ಆಸುಪಾಸು. ಪೈಪು ಒಂದು ಕಡೆ ಸೋರಿತೋ, ಆ ಹಾಸನ್ನೇ ಒಡೆಯಬೇಕು.

1980ರಲ್ಲಿ ಹಳೆಯ ರಿಂಕನ್ನು ನವೀಕರಣಕ್ಕೆಂದು ಮುಚ್ಚಿದರು. ವಿದ್ಯುತ್ ಉಳಿಯುತ್ತದೆಂದು ನಗರಾಡಳಿತ ಉಪ್ಪುನೀರಿನ ಬದಲು, ಫ್ರಿಜ್ಜುಗಳನ್ನು ತಣ್ಣಗಿಡಲು ಬಳಸುತ್ತಿದ್ದಂಥ ಫ್ರೀಯಾನ್ ಅನಿಲದ ವ್ಯವಸ್ಥೆ ಆರಿಸಿತು. ತಾಮ್ರದ ಪೈಪು ಹಾಕಿದ್ದಾಯಿತು, ಕಾಂಕ್ರೀಟ್ ಸುರಿದದ್ದೂ ಆಯಿತು, ಅನಿಲ ಮಾತ್ರ ಸೋರಿಹೋಗುತ್ತಿತ್ತು. ಆರು ವರ್ಷ ಕಳೆದು 1.2 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿದ್ದರೂ ಹಿಮ ಕೂರಲಿಲ್ಲ.

1986ರ ಬೇಸಗೆಯ ಹೊತ್ತಿಗೆ ಟ್ರಂಪ್ ಮೇಯರ್ ಎಡ್ ಕಾಚ್‌ಗೆ ಪತ್ರ ಬರೆದು, ಕೆಲಸ ನನಗೆ ಕೊಡಿ, ಚಳಿಗಾಲಕ್ಕೆ ಮುಗಿಸುತ್ತೇನೆ ಎಂದರು. ಸುಮಾರು 30 ಲಕ್ಷ ಡಾಲರ್ ಮಿತಿಗೆ ಒಪ್ಪಂದವಾಯಿತು. ಫ್ರೀಯಾನ್ ಬಿಟ್ಟು ಉಪ್ಪುನೀರಿಗೆ ಮರಳಿದರು. ನವೆಂಬರ್‌ನಲ್ಲಿ ರಿಂಕ್ ತೆರೆಯಿತು, ಮಿತಿಗಿಂತ ಕಡಿಮೆ ಖರ್ಚಿನಲ್ಲಿ. ಇದು ಅಪ್ಪಟ ಸಾಧನೆ, ಟ್ರಂಪ್ ಎಂದರೆ ಮೂಗು ಮುರಿಯುವವರೂ ಒಪ್ಪಬೇಕು. ಆದರೆ ಒಂದು ಮಾತು: ಸರ್ಕಾರಿ ಕಟ್ಟಡವಾದರೆ ಪ್ಲಂಬಿಂಗ್, ವಿದ್ಯುತ್, ಹೀಟಿಂಗ್ ಕೆಲಸಕ್ಕೆಲ್ಲ ಬೇರೆ ಬೇರೆ ಟೆಂಡರ್ ಕರೆಯಬೇಕೆಂಬ ‘ವಿಕ್ಸ್ ಕಾನೂನು’ ನ್ಯೂಯಾರ್ಕ್ ರಾಜ್ಯದಲ್ಲಿತ್ತು. ನಗರಾಡಳಿತದ ಕೈ ಕಟ್ಟಿದ್ದ ಆ ಕಾನೂನು ಖಾಸಗಿ ವ್ಯಕ್ತಿಗೆ ತಾಗಲಿಲ್ಲ. ಟ್ರಂಪ್ ಕೆಲಸ ಮುಗಿಸಿದ್ದು ನಿಜ, ದಾನ ಮಾಡಿದ್ದಲ್ಲ.

ಗೊಂದಲ ಗಟ್ಟಿಯಾದದ್ದು ಆಮೇಲೆ. 2001ರಿಂದ ಇಪ್ಪತ್ತು ವರ್ಷ ರಿಂಕ್ ನಡೆಸುವ ಗುತ್ತಿಗೆ ಟ್ರಂಪ್ ಕಂಪನಿಯ ಕೈಲಿತ್ತು, ಅಂಚಿನ ಗೋಡೆಗಳ ಮೇಲೆ ಆ ಹೆಸರು ದೊಡ್ಡ ಅಕ್ಷರಗಳಲ್ಲಿತ್ತು. ಸ್ಕೇಟ್ ಕಟ್ಟಿಕೊಂಡು ಇಳಿದವರ ಕಣ್ಣಿಗೆ ಬೀಳುವುದು ಅದೇ. 2019ರಲ್ಲಿ ಕಂಪನಿಯೇ ಅಕ್ಷರಗಳನ್ನು ಬಹುಮಟ್ಟಿಗೆ ಮರೆಮಾಡಿತು. 2021ರ ಜನವರಿಯಲ್ಲಿ, ಅಮೆರಿಕದ ಸಂಸತ್ ಭವನದ ಮೇಲಿನ ದಾಳಿಯ ನಂತರ, ಮೇಯರ್ ಡಿ ಬ್ಲಾಸಿಯೊ ಗುತ್ತಿಗೆಗಳನ್ನು ಮುಗಿಸುವುದಾಗಿ ಹೇಳಿದರು. ಈಗ ನಡೆಸುವವರು ಬೇರೆ, ವೋಲ್ಮನ್ ಹೆಸರು ಹಾಗೇ ಇದೆ.

ದಾನಿಯ ಹೆಸರು ಯಾವತ್ತೂ ಉಳಿಯುತ್ತದೆ ಎಂದೂ ಇಲ್ಲ. ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿನಲ್ಲಿ ‘ಕೇಟ್ ವೋಲ್ಮನ್ ರಿಂಕ್’ ಎಂದೇ ಇನ್ನೊಂದಿತ್ತು. ಅದನ್ನು ಕೆಡವಿ, ಅದು ನುಂಗಿದ್ದ ಕೆರೆಯಂಚನ್ನು ಮತ್ತೆ ಕೆರೆಗೆ ಬಿಟ್ಟರು. ಪಕ್ಕದಲ್ಲಿ 2013ರಲ್ಲಿ ತೆರೆದ ಹೊಸ ರಿಂಕ್‌ಗೆ ಈಗ ಲೆಫ್ರ್ಯಾಕ್ ಕುಟುಂಬದ ಹೆಸರು. ಅವರು ಕೊಟ್ಟದ್ದು ಒಂದು ಕೋಟಿ ಡಾಲರ್.