ಕ್ವಾಂಟಿಟಿ ಸರ್ವೇಯಿಂಗ್ ಇಂಟರ್ನ್‌ಶಿಪ್: ಅಳತೆ ಹಾಳೆ ಕಲಿಸಿದ್ದು

ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದೇನೆ. ಕೆಲಸ ಕ್ವಾಂಟಿಟಿ ಸರ್ವೇಯಿಂಗ್. ಕಟ್ಟಡದ ಡ್ರಾಯಿಂಗ್ ನೋಡಿ ಎಷ್ಟು ಮಣ್ಣು ಅಗೆಯಬೇಕು, ಎಷ್ಟು ಕಾಂಕ್ರೀಟ್, ಎಷ್ಟು ಗೋಡೆ, ಎಷ್ಟು ಗಾರೆ ಅಂತ ಲೆಕ್ಕ ತೆಗೆಯಬೇಕು. ಅದಕ್ಕೆ ದರ ಹಾಕಬೇಕು. ಕೆಲಸ ಶುರುವಾದ ಮೇಲೆ ಎಷ್ಟು ಮುಗಿದಿದೆ ಅಂತ ಅಳೆದು ಬಿಲ್ ಮಾಡಬೇಕು. ಕ್ಲಾಸಿನಲ್ಲಿ ಇದನ್ನೆಲ್ಲ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಆದರೂ ಮೊದಲ ವಾರ ನನಗೆ ದಾರಿಯೇ ತೋಚಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಬೇಕಾದ ಅಳತೆಗಳೆಲ್ಲ ಪ್ರಶ್ನೆಯಲ್ಲೇ ಇರುತ್ತವೆ. ಇಲ್ಲಿ ಅವು ಮೂವತ್ತು ಹಾಳೆಗಳಲ್ಲಿ ಚದುರಿರುತ್ತವೆ. ನೀವು ಹೋಗುವ ಮುಂಚೆ ಇದನ್ನು ಒಮ್ಮೆ ಓದಿಕೊಂಡರೆ ಆ ಮೊದಲ ವಾರ ಸ್ವಲ್ಪ ಹಗುರವಾಗಬಹುದು ಅಂತ ಬರೆಯುತ್ತಿದ್ದೇನೆ.

ಯಾವ ರಿವಿಷನ್?

ಮೂರನೇ ದಿನ ನೆಲಮಹಡಿ ಗೋಡೆಗಳ ಲೆಕ್ಕ ಕೊಟ್ಟರು. ಎರಡು ದಿನ ಕೂತು ಮಾಡಿದೆ. ಕೂಡಿದ್ದು ಸರಿ, ಗುಣಿಸಿದ್ದೂ ಸರಿ. ನಮ್ಮ ಹಿರಿಯ ಸರ್ವೇಯರ್ ಮೇಡಂ ಹಾಳೆ ನೋಡಿ ಉತ್ತರದ ಕಡೆ ಕಣ್ಣೇ ಹಾಯಿಸಲಿಲ್ಲ. "ಇದು ಯಾವ ರಿವಿಷನ್ನಿಂದ ತೆಗೆದಿದ್ದು?" ಅಂತ ಕೇಳಿದರು. ರಿವಿಷನ್ ಅಂದರೆ ಡ್ರಾಯಿಂಗನ್ನು ತಿದ್ದಿ ಮತ್ತೆ ಕೊಟ್ಟ ಆವೃತ್ತಿ. ನನ್ನ ಹಾಳೆಯಲ್ಲಿ ಅದನ್ನು ಬರೆದೇ ಇರಲಿಲ್ಲ. ಹುಡುಕಿ ನೋಡಿದರೆ ನಾನು ಅಳೆದದ್ದು ರಿವಿಷನ್ ಬಿ. ಅಷ್ಟರಲ್ಲಿ ಸಿ ಬಂದಾಗಿತ್ತು. ಒಂದು ಅಡ್ಡಗೋಡೆ ಸರಿದಿತ್ತು, ಎರಡು ಕಿಟಕಿ ದೊಡ್ಡದಾಗಿದ್ದವು.

"ಇನ್ನೊಮ್ಮೆ ಮಾಡೋಣ, ತೊಂದರೆ ಇಲ್ಲ. ಆದರೆ ಮೊದಲು ತಲೆಬರಹ ಬರೀರಿ" ಅಂದರು ಮೇಡಂ. ಆವತ್ತಿನಿಂದ ಪ್ರತಿ ಹಾಳೆಯ ತಲೆಯ ಮೇಲೆ ಡ್ರಾಯಿಂಗ್ ನಂಬರ್, ರಿವಿಷನ್, ತಾರೀಖು, ನನ್ನ ಸಹಿಯ ಅಕ್ಷರ ಬರೆದ ಮೇಲೆಯೇ ಮೊದಲ ಅಳತೆ. ಹೊಸ ರಿವಿಷನ್ ಬಂದರೆ ಅದರಲ್ಲಿ ಬದಲಾದ ಜಾಗದ ಸುತ್ತ ಸಾಮಾನ್ಯವಾಗಿ ಮೋಡದ ಆಕಾರದ ಗೆರೆ ಎಳೆದಿರುತ್ತಾರೆ. ಮೊದಲು ಅದನ್ನು ನೋಡಿ. ಆದರೆ ಅದನ್ನೇ ಪೂರ್ತಿ ನಂಬಬೇಡಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಹೋಲಿಸಿ.

ಇನ್ನೊಂದು ವಿಷಯ. ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ಕೊನೆಯ ದಾರಿ. ಬರೆದಿರುವ ಅಂಕಿ ಇದ್ದರೆ ಅದನ್ನೇ ತೆಗೆದುಕೊಳ್ಳಬೇಕು. ಪ್ರಿಂಟ್ ತೆಗೆಯುವಾಗ ಕಾಗದಕ್ಕೆ ಹೊಂದಿಸಲು ಚಿತ್ರ ಕುಗ್ಗಿರಬಹುದು. ಆಗ ಸ್ಕೇಲಿನ ಅಳತೆ ತಪ್ಪುತ್ತದೆ, ಅಂಕಿ ಮಾತ್ರ ಹಾಗೇ ಇರುತ್ತದೆ.

ಹಾಳೆ ತುಂಬುವ ಕ್ರಮ

ಡ್ರಾಯಿಂಗಿನಿಂದ ಅಳತೆ ಎತ್ತಿ ಬರೆಯುವುದಕ್ಕೆ ಟೇಕಿಂಗ್ ಆಫ್ ಅನ್ನುತ್ತಾರೆ. ಹಳೆಯ ಪದ್ಧತಿಯ ಅಳತೆ ಹಾಳೆಯಲ್ಲಿ ನಾಲ್ಕು ಕಾಲಂ ಇರುತ್ತವೆ. ಎಷ್ಟು ಸಲ, ಅಳತೆ, ಗುಣಿಸಿದ ಮೊತ್ತ, ವಿವರಣೆ. ಈಗ ಎಲ್ಲ ಸ್ಪ್ರೆಡ್‌ಶೀಟಿನಲ್ಲಿ ಮಾಡುತ್ತೇವೆ, ಆದರೂ ಕ್ರಮ ಅದೇ. ಮೊದಲು ಉದ್ದ, ಆಮೇಲೆ ಅಗಲ, ಕೊನೆಗೆ ಎತ್ತರ ಅಥವಾ ಆಳ. ಈ ಕ್ರಮ ತಪ್ಪಿಸಿದರೂ ಗುಣಾಕಾರದ ಉತ್ತರ ಒಂದೇ ಬರುತ್ತದೆ ನಿಜ. ಆದರೆ ನೋಡುವವರಿಗೆ 0.90 ಅಗಲವೋ ಆಳವೋ ಗೊತ್ತಾಗುವುದಿಲ್ಲ ಅಲ್ವಾ?

ಅಳತೆ ಹೇಗೆ ಹುಟ್ಟಿತು ಅನ್ನುವುದನ್ನೂ ಬದಿಯಲ್ಲಿ ಬರೆಯಬೇಕು. 5.30 ಅಂತ ಸುಮ್ನೆ ಹಾಕಬೇಡಿ. "ಕೋಣೆ ಒಳಗೆ 5.00, ಎರಡೂ ಕಡೆ ಅರ್ಧರ್ಧ ಗೋಡೆ 0.15, ಒಟ್ಟು 5.30" ಅಂತ ಬರೆಯಿರಿ. ತಲೆಯಲ್ಲಿ ಮಾಡಿದ ಲೆಕ್ಕ ಮರುದಿನಕ್ಕೆ ನಮಗೇ ನೆನಪಿರುವುದಿಲ್ಲ.

ಸೆಂಟರ್ ಲೈನ್: ಎಲ್ಲರೂ ಎಡವುವ ಜಾಗ

ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ನನ್ನ ಬ್ಯಾಚಿನ ಎಲ್ಲರೂ ಇಲ್ಲಿ ಒಂದಲ್ಲ ಒಂದು ಸಲ ತಪ್ಪಿದ್ದಾರೆ.

ಒಂದೇ ಕೋಣೆ. ಒಳಗಿನ ಅಳತೆ 5.00 ಮೀಟರ್ ಮತ್ತು 4.00 ಮೀಟರ್. ಗೋಡೆ ದಪ್ಪ 0.30. ಪಾಯದ ಅಗೆತ 0.90 ಅಗಲ, 1.00 ಆಳ. ಅಗೆತದ ಉದ್ದ ಎಷ್ಟು?

ಒಳಸುತ್ತು ತೆಗೆದರೆ 18.00. ಹೊರಸುತ್ತು ತೆಗೆದರೆ 20.40. ಎರಡೂ ತಪ್ಪು. ಒಳಸುತ್ತಿನಲ್ಲಿ ಮೂಲೆಗಳು ಬಿಟ್ಟುಹೋಗುತ್ತವೆ, ಹೊರಸುತ್ತಿನಲ್ಲಿ ಮೂಲೆಗಳು ಎರಡು ಸಲ ಸೇರುತ್ತವೆ. ಗೋಡೆಯ ನಟ್ಟನಡುವಿನ ಗೆರೆ, ಅಂದರೆ ಸೆಂಟರ್ ಲೈನ್, ಹಿಡಿದು ಸುತ್ತು ಬಂದರೆ 5.30 ಮತ್ತು 4.30 ಕೂಡಿ ಎರಡರಿಂದ ಗುಣಿಸಿದಾಗ 19.20 ಮೀಟರ್. ಅಗೆತ 19.20 × 0.90 × 1.00, ಅಂದರೆ 17.28 ಘನ ಮೀಟರ್.

ಇದು ಸರಿಯೋ ಅಂತ ಇನ್ನೊಂದು ದಾರಿಯಲ್ಲಿ ನೋಡಬಹುದು. ಉದ್ದದ ಎರಡು ಅಗೆತಗಳನ್ನು ಮೂಲೆ ಸಮೇತ ತೆಗೆದುಕೊಳ್ಳಿ. ತಲಾ 5.30 ಕೂಡಿಸು 0.90, ಅಂದರೆ 6.20. ಗಿಡ್ಡ ಅಗೆತಗಳನ್ನು ಮೂಲೆ ಬಿಟ್ಟು ತೆಗೆದುಕೊಳ್ಳಿ. ತಲಾ 4.30 ಕಳೆ 0.90, ಅಂದರೆ 3.40. ನಾಲ್ಕನ್ನೂ ಕೂಡಿದರೆ ಮತ್ತೆ 19.20.

ಈಗ ಈ ಕೋಣೆಯನ್ನು ಎರಡು ಭಾಗ ಮಾಡುವ ಒಂದು ಅಡ್ಡಗೋಡೆ ಬಂತು ಅಂತಿಟ್ಟುಕೊಳ್ಳಿ, 4.00 ಮೀಟರ್ ಬದಿಗೆ ಸಮಾನಾಂತರವಾಗಿ. ಸೆಂಟರ್ ಲೈನ್ 4.30 ಹೆಚ್ಚಿ 23.50 ಆಗುತ್ತದೆ. ಆದರೆ ಅಡ್ಡಗೋಡೆ ಎರಡು ತುದಿಯಲ್ಲೂ ಇನ್ನೊಂದು ಗೋಡೆಗೆ ಹೋಗಿ ಸೇರುತ್ತದೆ. ಆ ಎರಡೂ ಕೂಡುಗಳಲ್ಲಿ ಅರ್ಧ ಅಗಲದಷ್ಟು ಭಾಗ ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ. ಅದನ್ನು ಕಳೆಯಬೇಕು.

ಯಾವುದರ ಅರ್ಧ ಅಗಲ? ನಾನು ತಪ್ಪಿದ್ದು ಇಲ್ಲೇ. ಗೋಡೆ ದಪ್ಪದ ಅರ್ಧ ಕಳೆದು, ಬಂದ ಉದ್ದವನ್ನೇ ಎಲ್ಲ ಪದರಕ್ಕೂ ಬಳಸಿದ್ದೆ. ಅಳೆಯುತ್ತಿರುವ ಪದರದ ಅಗಲದ ಅರ್ಧ ಕಳೆಯಬೇಕು. 0.90 ಅಗಲದ ಅಗೆತಕ್ಕೆ ಎರಡು ಕೂಡಿನಲ್ಲಿ ಒಟ್ಟು 0.90 ಹೋಗಿ ಉದ್ದ 22.60. ಅದರ ಮೇಲಿನ 0.60 ಅಗಲದ ಕಲ್ಲು ಕಟ್ಟಡಕ್ಕೆ 22.90. ಅದರ ಮೇಲಿನ 0.30 ಗೋಡೆಗೆ 23.20. ಮೇಲೆ ಹೋದಂತೆ ಅಗಲ ಕಮ್ಮಿ, ಉದ್ದ ಜಾಸ್ತಿ. ಮೂರಕ್ಕೂ ಮೂರು ಉದ್ದ. ಒಂದು ಕಾಗದದ ಮೇಲೆ ಮೂರೂ ಪದರ ಬರೆದು ಕೂಡುವ ಜಾಗಕ್ಕೆ ಬಣ್ಣ ಹಾಕಿ ನೋಡಿ, ಮತ್ತೆ ಯಾವತ್ತೂ ಮರೆಯುವುದಿಲ್ಲ.

ಅಳತೆಗೂ ನಿಯಮ ಪುಸ್ತಕ ಬೇಕು

ಒಂದೇ ಗೋಡೆಯನ್ನು ಇಬ್ಬರು ಎರಡು ರೀತಿ ಅಳೆಯಬಹುದು. ಒಬ್ಬರು ಕಿಟಕಿಯ ಜಾಗ ಕಳೆಯುತ್ತಾರೆ, ಇನ್ನೊಬ್ಬರು ಕಳೆಯುವುದಿಲ್ಲ. ಹಾಗಾದರೆ ಬೇರೆ ಬೇರೆ ಕಾಂಟ್ರಾಕ್ಟರ್‌ಗಳು ಕೊಟ್ಟ ದರಗಳನ್ನು ಹೋಲಿಸುವುದು ಹೇಗೆ? ಈ ತೊಂದರೆಗಾಗಿಯೇ ಇಂಗ್ಲೆಂಡಿನಲ್ಲಿ 1922ರಲ್ಲಿ ಕಟ್ಟಡ ಕೆಲಸಕ್ಕೆ ಮೊದಲ ಪ್ರಮಾಣಿತ ಅಳತೆ ಪದ್ಧತಿ ಹೊರಬಂತು. ಅದರ ಏಳನೇ ಆವೃತ್ತಿ ಬಂದದ್ದು 1988ರಲ್ಲಿ. ಅದರ ಜಾಗಕ್ಕೆ 2012ರಲ್ಲಿ ಎನ್‌ಆರ್‌ಎಂ 2 (ನ್ಯೂ ರೂಲ್ಸ್ ಆಫ್ ಮೆಷರ್‌ಮೆಂಟ್) ಬಂತು. ಭಾರತದಲ್ಲಿ ಐಎಸ್ 1200 ಅನ್ನುವ ಭಾರತೀಯ ಮಾನಕ ಇದೆ. ಮಣ್ಣು ಕೆಲಸ, ಕಾಂಕ್ರೀಟ್, ಗಾರೆ, ಹೀಗೆ ಒಂದೊಂದಕ್ಕೂ ಒಂದೊಂದು ಭಾಗ.

ಗಾರೆಯ ನಿಯಮವನ್ನು ಹತ್ತಿರದಿಂದ ನೋಡಿ. ಐಎಸ್ 1200ರ ಪ್ರಕಾರ 0.5 ಚದರ ಮೀಟರ್ ಒಳಗಿನ ಕಿಂಡಿಗೆ ಏನೂ ಕಳೆಯುವುದಿಲ್ಲ. 0.5ರಿಂದ 3 ಚದರ ಮೀಟರ್ ತನಕದ ಬಾಗಿಲು ಕಿಟಕಿಗೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. 3 ದಾಟಿದರೆ ಎರಡೂ ಮುಖದಲ್ಲಿ ಕಳೆದು, ಒಳಬದಿಗಳ ಗಾರೆಯನ್ನು ಬೇರೆ ಅಳೆದು ಸೇರಿಸಬೇಕು. ಅಂದರೆ 0.60 × 0.45 ವೆಂಟಿಲೇಟರಿಗೆ ಕಳೆಯುವಂತಿಲ್ಲ. 1.20 × 1.50 ಕಿಟಕಿ 1.80 ಆಗುತ್ತದೆ, ಒಂದು ಮುಖ ಕಳೆದರೆ ಸಾಕು.

ಯಾಕೆ ಹೀಗೆ ಅಂತ ನನಗೆ ಸೈಟಿನಲ್ಲಿ ನಿಂತಾಗಲೇ ಗೊತ್ತಾಗಿದ್ದು. ಗಾರೆ ಮೇಸ್ತ್ರಿ ಒಂದು ದೊಡ್ಡ ಗೋಡೆಯನ್ನು ಬೇಗ ಮುಗಿಸಿದರು. ಆದರೆ ಒಂದು ಕಿಟಕಿಯ ಅಂಚುಗಳನ್ನು ತೂಕದ ಗುಂಡು ಬಿಟ್ಟು, ಪಟ್ಟಿ ಹಿಡಿದು, ಒಳಬದಿಗೆ ತಿರುಗಿಸಿ ನಯ ಮಾಡುವ ಹೊತ್ತಿಗೆ ಬಹಳ ಸಮಯ ಹಿಡಿಯಿತು. ಕಳೆಯದೆ ಬಿಟ್ಟ ಆ ಒಂದು ಮುಖ ಈ ಅಂಚಿನ ದುಡಿಮೆಗೆ ಸರಿಹೋಗುತ್ತದೆ. ಬೇರೆ ನಿಯಮ ಪುಸ್ತಕದಲ್ಲಿ ಈ ಮಿತಿಗಳು ಬೇರೆ ಇರುತ್ತವೆ. ಹಾಗಾಗಿ ಸೇರಿದ ದಿನವೇ ನಿಮ್ಮ ಒಪ್ಪಂದ ಯಾವ ಪದ್ಧತಿ ಹೇಳುತ್ತದೆ ಅಂತ ಕೇಳಿ.

ಕಾಂಕ್ರೀಟಿನೊಳಗೆ ಹಾಕುವ ಕಬ್ಬಿಣದ ಕಂಬಿಯ ಬಗ್ಗೆ ಒಂದೆರಡು ಮಾತು ಸಾಕು. ಮೀಟರಿಗೆ ಎಷ್ಟು ಕೆಜಿ ಅಂತ ತಿಳಿಯಲು ಮಿ.ಮೀ.ನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 12 ಮಿ.ಮೀ.ಗೆ 0.89, 16 ಮಿ.ಮೀ.ಗೆ 1.58. ಈ 162 ಎಲ್ಲಿಂದ ಬಂತು ಅಂದರೆ, ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ ಅಂತ ಹಿಡಿದು ವೃತ್ತದ ಕ್ಷೇತ್ರಫಲದಿಂದ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಎಣಿಕೆಯಲ್ಲಿ ಒಂದು ಸೇರಿಸಲು ಮರೆಯಬೇಡಿ. 3.00 ಮೀಟರಿಗೆ 0.15 ಅಂತರ ಅಂದರೆ 20 ಸಂದು, 21 ರಿಂಗು. ಕತ್ತರಿಸುವಾಗ ಹಾಳಾಗುವ ತುಂಡುಗಳು ಅಳತೆಗೆ ಬರುವುದಿಲ್ಲ. ಅದನ್ನು ಕಾಂಟ್ರಾಕ್ಟರ್ ತಮ್ಮ ದರದಲ್ಲಿ ಹಿಡಿದಿರುತ್ತಾರೆ. ಮಣ್ಣೂ ಹಾಗೆಯೇ. ಅಗೆದ ಮೇಲೆ ಉಬ್ಬುತ್ತದೆ, ಲಾರಿ ಜಾಸ್ತಿ ಓಡುತ್ತದೆ. ಆದರೆ ಅಳೆಯುವುದು ಗುಂಡಿಯನ್ನು, ರಾಶಿಯನ್ನಲ್ಲ.

ತಿಂಗಳ ಬಿಲ್

ಪ್ರತಿ ತಿಂಗಳೂ ಮೊದಲಿನಿಂದ ಇಲ್ಲಿಯವರೆಗೆ ಆದ ಒಟ್ಟು ಕೆಲಸ ಲೆಕ್ಕ ಹಾಕಿ, ಹಿಂದೆ ಕೊಟ್ಟದ್ದನ್ನು ಕಳೆಯುತ್ತಾರೆ. ಒಪ್ಪಂದದ ಮೊತ್ತ 1000 ಪಾಲು ಅಂತಿಟ್ಟುಕೊಳ್ಳಿ. ಇಲ್ಲಿಯವರೆಗೆ ಮುಗಿದ ಕೆಲಸ 300. ಸೈಟಿನಲ್ಲಿ ಬಂದು ಬಿದ್ದ, ಇನ್ನೂ ಬಳಸದ ಸಾಮಾನು 40. ಒಟ್ಟು 340. ತಡೆಹಿಡಿಯುವ ಮೊತ್ತ 5% ಅಂದರೆ 17. ಉಳಿದದ್ದು 323. ಹಿಂದೆ 190 ಕೊಟ್ಟಾಗಿದೆ. ಈ ತಿಂಗಳು ಸಲ್ಲಬೇಕಾದದ್ದು 133. ತಡೆಹಿಡಿಯುವುದು ಎಷ್ಟು, ಸಾಮಾನಿನ ಮೇಲೂ ಹಿಡಿಯಬೇಕೋ ಅನ್ನುವುದು ಒಪ್ಪಂದದಲ್ಲಿರುತ್ತದೆ.

ಈ ತಿಂಗಳದ್ದನ್ನಷ್ಟೇ ಲೆಕ್ಕ ಹಾಕಿದರೆ ಸುಲಭ ಅಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ಹೋದ ತಿಂಗಳು ಎಲ್ಲೋ ಜಾಸ್ತಿ ಹಿಡಿದಿದ್ದರೆ, ಈ ಸಲ ಒಟ್ಟು ಲೆಕ್ಕ ಸರಿಯಾಗಿ ಹಾಕಿದಾಗ ಅದು ತಾನಾಗಿಯೇ ಸರಿಹೋಗುತ್ತದೆ. ಬಿಡಿ ಬಿಡಿ ಲೆಕ್ಕದಲ್ಲಿ ಆ ತಪ್ಪು ಕೊನೆಯವರೆಗೂ ಹಾಗೇ ಉಳಿಯುತ್ತದೆ.

ಮುಚ್ಚಿಹೋಗುವ ಕೆಲಸ

ನೆಲದ ಮೇಲಿನದನ್ನು ನಾಳೆಯೂ ಅಳೆಯಬಹುದು. ಕಾಂಕ್ರೀಟ್ ಬಿದ್ದ ಮೇಲೆ ಗುಂಡಿಯ ತಳ ಯಾರಿಗೂ ಕಾಣುವುದಿಲ್ಲ. ಒಂದು ಬೆಳಿಗ್ಗೆ ಪಾಯದಲ್ಲಿ ಮೆತ್ತನೆ ಮಣ್ಣು ಸಿಕ್ಕಿತು. ಗಟ್ಟಿ ನೆಲ ಸಿಗುವವರೆಗೆ ಅಗೆಯಲು ಎಂಜಿನಿಯರ್ ಹೇಳಿದರು. ಮಧ್ಯಾಹ್ನ ಕಾಂಕ್ರೀಟ್ ಬರುವುದಿತ್ತು. ಮೇಡಂ ನನ್ನನ್ನು ಕಳಿಸಿದರು. ಟೇಪಿನ ಒಂದು ತುದಿ ಕಾಂಟ್ರಾಕ್ಟರ್ ಕಡೆಯ ಸರ್ವೇಯರ್ ಕೈಲಿ, ಇನ್ನೊಂದು ನನ್ನ ಕೈಲಿ. 6.00 ಮೀಟರ್ ಉದ್ದದಲ್ಲಿ ಎರಡೆರಡು ಮೀಟರಿಗೆ ಒಂದರಂತೆ ನಾಲ್ಕು ಕಡೆ ಆಳ ಹಿಡಿದೆವು: 1.00, 1.15, 1.30, 1.25. ಟೇಪು ಕಾಣುವ ಹಾಗೆ ಫೋಟೊ ತೆಗೆದೆ. ಒಂದು ಸಣ್ಣ ಚಿತ್ರ ಬರೆದು ಯಾವ ಆಳ ಎಲ್ಲಿಯದು ಅಂತ ಗುರುತು ಹಾಕಿದೆ. ಇಬ್ಬರೂ ಸಹಿ ಮಾಡಿದೆವು.

ಆಫೀಸಿಗೆ ಬಂದು ನಾಲ್ಕರ ಸರಾಸರಿ ತೆಗೆದೆ, 1.175. ಡ್ರಾಯಿಂಗಿನಲ್ಲಿದ್ದ ಆಳ 1.00, ಹಾಗಾಗಿ ಹೆಚ್ಚುವರಿ ಆಳ 0.175. ಅದಕ್ಕೆ 6.00 ಉದ್ದ, 0.90 ಅಗಲ. ಬಂದದ್ದು 0.945 ಘನ ಮೀಟರ್. ಅಂತಿಮ ಲೆಕ್ಕದ ಹೊತ್ತಿಗೆ ಕಾಂಟ್ರಾಕ್ಟರ್ ಕಡೆಯಿಂದ 1.035 ಅಂತ ಬಂತು. ನನಗೆ ಮೊದಲು ಅನ್ನಿಸಿದ್ದು, ಅವರು ಜಾಸ್ತಿ ಬರೆದಿದ್ದಾರೆ ಅಂತ.

ಮೇಡಂ ಆ ಹಳೆಯ ಹಾಳೆ ತೆಗೆಸಿದರು. ಚಿತ್ರ, ಅಂತರ, ನಾಲ್ಕು ಆಳ, ಎರಡು ಸಹಿ ಎಲ್ಲ ಇತ್ತು. ತುದಿಯ ಎರಡು ಅಳತೆಗಳಿಗೆ ಒಂದೇ ಬದಿ ಇರುತ್ತದೆ, ಆದ್ದರಿಂದ ಅವುಗಳನ್ನು ಅರ್ಧ ಮಾತ್ರ ಹಿಡಿಯಬೇಕು. ಹೆಚ್ಚುವರಿ ಆಳ 0, 0.15, 0.30, 0.25. ತುದಿಗಳ ಅರ್ಧ 0 ಮತ್ತು 0.125. ಅದಕ್ಕೆ ನಡುವಿನ ಎರಡು ಕೂಡಿದರೆ 0.575. ಅಂತರ 2.00ರಿಂದ ಗುಣಿಸಿದರೆ 1.15, ಅಗಲದಿಂದ ಗುಣಿಸಿದರೆ 1.035.

"ಅವರದ್ದೇ ಸರಿ ಇದೆ ನೋಡಿ" ಅಂದರು ಮೇಡಂ. ನನ್ನ 0.945ರ ಮೇಲೆ ಒಂದು ಗೆರೆ ಎಳೆದೆ. ಅಳಿಸಲಿಲ್ಲ, ಕೆಳಗಿನ ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ. ಪಕ್ಕದಲ್ಲಿ 1.035 ಬರೆದು ತಾರೀಖು ಹಾಕಿ ಸಹಿ ಮಾಡಿದೆ. ಅವರ ಸರ್ವೇಯರ್ ಬಂದು ಹಾಳೆ ಓದಿ, ಏನೂ ಕೇಳದೆ ಕೆಳಗೆ ತಮ್ಮ ಸಹಿ ಹಾಕಿದರು.